ದಂಡನಾಯಕರ ಊಟ

೧
ಈ ಕಥೆಯನ್ನು ಹೊಯ್ಸಳರ ದೋರಸಮುದ್ರದಿಂದ ಶುರು ಮಾಡಲೋ, ತಿಪಟೂರಿನ ದಾನೇಶ್ವರಿಯವರ ಗ್ಯಾಸ್ ಸ್ಟೌವಿನಿಂದಲೋ? ನಡುವೆ ಎಂಟುನೂರು ವರ್ಷ. ನೀವೇ ಹೇಳಿ.

(ನೀವು ಹೇಳುವುದಿಲ್ಲ. ಓದುಗರು ಬಾಯಿ ಬಿಡುವುದು ಕಥೆ ಕೆಟ್ಟ ಮೇಲೆಯೇ.)

೨
ಮೊದಲ ಡ್ರಾಫ್ಟ್: ‘ಹರನ ನೆನೆದು ಹೊಯ್ಸಳರ ಸಿರಿಯುಂಬ ಬಗೆಯನೊರೆವೆನು...’

ಅಜ್ಜ ಜಗಲಿಯಲ್ಲಿ ಕಾವ್ಯ ಓದುವುದನ್ನು ಕೇಳಿ ಬೆಳೆದ ಕಿವಿ ನನ್ನದು. ಪೆನ್ನು ಹಿಡಿದರೆ ರಾಗ ತಾನಾಗಿ ಬಂದುಬಿಡುತ್ತದೆ. ಒಂದು ಸಾಲಿಗೇ ದಾನೇಶ್ವರಿ ಕಥೆಯೊಳಗಿಂದ ಇಣುಕಿದರು: "ಹಿಂಗೆ ಹಾಡ್ತಾ ಕೂತ್ರೆ ಸಾರು ಆರೋಗುತ್ತೆ ಕಣ್ರೀ."

ಆ ಸಾಲನ್ನು ಹೊಡೆದು ಹಾಕಿದೆ.

೩
ನೇರವಾಗಿ ಹೇಳುತ್ತೇನೆ. ದಾನೇಶ್ವರಿ ನಮ್ಮ ಪಕ್ಕದ ಮನೆಯವರು, ಹೈಸ್ಕೂಲಿನಲ್ಲಿ ಇತಿಹಾಸದ ಮೇಡಂ. ಗಂಡ ರುದ್ರೇಶ್ ಅವರದು ಕೊಬ್ಬರಿ ವ್ಯಾಪಾರ. ರುದ್ರೇಶ್ ಅವರ ಅಣ್ಣ ತೋಂಟದಾರ್ಯ ಇರುವುದು ಹೊನ್ನವಳ್ಳಿಯಲ್ಲಿ. ತೋಟ ಪಾಲಾದ ದಿನ, ಬೋರ್‌ವೆಲ್ ಯಾರ ಕಡೆಗೆ ಎನ್ನುವುದಕ್ಕೆ ಮಾತು ಬೆಳೆದು, "ಇನ್ನು ನಿನ್ ಮನೇಲಿ ತೊಟ್ಟು ನೀರೂ ಮುಟ್ಟಲ್ಲ" ಎಂದು ಎದ್ದು ಹೋದವರು. ಅವರು ಮತ್ತೆ ಈ ಮನೆಯಲ್ಲಿ ಉಣ್ಣಬೇಕು. ದಾನೇಶ್ವರಿಯವರಿಗೆ ಬೇಕಿದ್ದು ಇಷ್ಟೇ.

ತಮ್ಮನ ಹೆಂಡತಿ ಕರೆದರೆ ಬರುವುದಿಲ್ಲ. ಹೊಯ್ಸಳ ರಾಜ್ಯವೇ ಕರೆದರೆ? ಊರ ನಾಟಕದಲ್ಲಿ ತೋಂಟದಾರ್ಯ ಯಾವಾಗಲೂ ರಾಜ. ಪೇಟ ಅಂದರೆ ಪ್ರಾಣ. ದಾನೇಶ್ವರಿ ಮನೆಯಲ್ಲೇ ಹೊಯ್ಸಳರ ಕಾಲದ ಊಟದ ಆಟ ಹೂಡಿ, ಶಾಸನದ ಧಾಟಿಯಲ್ಲಿ ಕಾರ್ಡು ಅಚ್ಚು ಹಾಕಿಸಿದರು: ‘ಸ್ವಸ್ತಿ ಶ್ರೀ, ಮಹಾಪ್ರಧಾನ ದಂಡನಾಯಕ ತೋಂಟದಾರ್ಯನವರ್ಗೆ...’

(ಆ ಉಪಾಯಕ್ಕೆ ಮನಸ್ಸಿನಲ್ಲೇ ಕೈ ಮುಗಿದೆ.)

೪
"ನನ್ನನ್ನ ಮೊಂಡ ಅಂತ ಬರೀಬೇಡಿ" ಎಂದು ತೋಂಟದಾರ್ಯ ಅಡ್ಡ ಬಂದರು.

"ಮತ್ತೇನಂತ ಬರೀಲಿ?"

"ಆಡಿದ್ ಮಾತಿಗೆ ನಿಲ್ಲೋನು ಅಂತ."

ಬರೆದೆ. (ಎರಡೂ ಒಂದೇ ಅನ್ನಿಸಿದರೆ ಒಳಗೇ ಇಟ್ಟುಕೊಳ್ಳಿ. ಅವರು ಇದನ್ನು ಓದುತ್ತಾರೆ.)

೫
ಹೊಯ್ಸಳರ ಕಾಲದಲ್ಲಿ ಇಲ್ಲದ್ದು ಅಡುಗೆಗೆ ಬೀಳುವಂತಿಲ್ಲ. ಟೊಮೆಟೊ, ಆಲೂಗಡ್ಡೆ, ಮೆಣಸಿನಕಾಯಿ ಔಟ್. (ಗ್ಯಾಸ್? ಅದನ್ನು ಕೇಳುವ ಧೈರ್ಯ ನನಗಿರಲಿಲ್ಲ.)

"ಮೆಣಸಿನಕಾಯಿ ಇಲ್ದೆ ಅದ್ಯಾವ ಸಾರೇ?" ಎಂದರು ರುದ್ರೇಶ್.

"ಕಾಳುಮೆಣಸು ಇಲ್ವಾ? ನೀವು ಸುಮ್ನೆ ಅಡಪ ಹಿಡ್ಕಳಿ."

ಅಡಪ ಎಂದರೆ ವೀಳ್ಯದ ಚೀಲ. ಅದನ್ನು ಹಿಡಿದವನು ಒಡೆಯನ ಪಕ್ಕ ಬಿಟ್ಟು ಕದಲುವಂತಿಲ್ಲ. ಇದ್ದಬದ್ದ ಪಾತ್ರಗಳಲ್ಲಿ ಗಂಡನಿಗೆ ಅದನ್ನೇ ಹುಡುಕಿ ಕೊಟ್ಟಿದ್ದರು. ನನಗೆ ಸಭಿಕನ ಪಾತ್ರ: "ಸುಮ್ನೆ ಕೇಳಿಸ್ಕೊಳ್ಳೋದು ನಿಮಗೆ ಚೆನ್ನಾಗಿ ಬರುತ್ತೆ."

೬
ದಂಡನಾಯಕರು ಜರಿಪೇಟ ಸುತ್ತಿ ಬಂದರು. ಹಿತ್ತಾಳೆ ದೀಪ, ಮಣೆ, ಬಾಳೆ ಎಲೆ. ತೊವ್ವೆ, ಕಾಳುಮೆಣಸಿನ ಸಾರು, ಬದನೆಕಾಯಿ ಪಲ್ಯ, ಕಡುಬಿಗೆ ಬೆಲ್ಲದ ಕಾಯಿಹಾಲು.

"ದಂಡನಾಯಕರಿಗೆ ಇನ್ನೊಂದು ಕಡುಬು?" ಎಂದರು ದಾನೇಶ್ವರಿ.

"ಅಪ್ಪಣೆ ಕೊಟ್ಟಿದ್ದೇವೆ."

"ಅಣ್ಣ, ಸಾರು ಖಾರ ಸಾಕಾ?" ಎಂದರು ರುದ್ರೇಶ್, ಮೆಲ್ಲಗೆ.

"ಅಡಪದವನು ಮಾತಾಡುವಂತಿಲ್ಲ."

ಎಲ್ಲರೂ ನಕ್ಕರು. ದಾನೇಶ್ವರಿ ನಗಲಿಲ್ಲ. ಎಲೆ ಖಾಲಿಯಾಗಿತ್ತು, ನಿಜ. ಆದರೆ ಉಂಡದ್ದು ದಂಡನಾಯಕ. ಬಾವ ಉಂಡರೇ?

೭
ಅಂತ್ಯ ಎ: ಅಣ್ಣತಮ್ಮ ಅಪ್ಪಿಕೊಳ್ಳುತ್ತಾರೆ. ("ನಾವು ಯಾವತ್ತು ಅಪ್ಕಂಡಿದೀವಿ ಸಾರ್?" ಎಂದರು ರುದ್ರೇಶ್. ಹೊಡೆದೆ.)

ಅಂತ್ಯ ಬಿ: ದಂಡನಾಯಕರು ಪೇಟದ ಸಮೇತ ಹೊನ್ನವಳ್ಳಿ ಬಸ್ಸು ಹತ್ತುತ್ತಾರೆ. ("ಇದನ್ನ ಬರೆದ್ರೆ ಇನ್ಮೇಲೆ ನಮ್ಮನೇಲಿ ನಿಮಗೆ ಮಜ್ಜಿಗೇನೂ ಇಲ್ಲ" ಎಂದರು ದಾನೇಶ್ವರಿ.)

ಹಾಗಾಗಿ ಕೇಳಿಸಿಕೊಂಡದ್ದನ್ನಷ್ಟೇ ಬರೆಯುತ್ತೇನೆ.

ತೋಂಟದಾರ್ಯ ಕೈ ತೊಳೆದು ಬಂದರು. ಪೇಟ ತೆಗೆದು ಪಕ್ಕದ ಮಣೆಯ ಮೇಲಿಟ್ಟು ಗೋಡೆಗೆ ಒರಗಿದರು. ವೀಳ್ಯ ತೆಗೆದುಕೊಳ್ಳಲಿಲ್ಲ.

"ಏನಮ್ಮ, ಕಾಫಿ ಕೊಡಲ್ವಾ?"

ದಾನೇಶ್ವರಿ ತಡವರಿಸಿದರು. "ಹೊಯ್ಸಳರ ಕಾಲ್ದಲ್ಲಿ ಕಾಫಿ ಇರ್ಲಿಲ್ಲ ಬಾವ."

"ಅವ್ರಿಗೆ ಇರ್ಲಿಲ್ಲ ಬುಡು. ಕೇಳ್ತಿರೋದು ನಾನು."

ಆಕೆ ಒಳಗೆ ಹೋದ ವೇಗಕ್ಕೆ ದೀಪ ಅಲ್ಲಾಡಿತು. ಒಳಗಿಂದಲೇ ಕೂಗಿದರು: "ಸಕ್ಕರೆ ಎಷ್ಟು ಬಾವ?"

ಉತ್ತರ ಕೊಟ್ಟವರು ರುದ್ರೇಶ್. "ಅಣ್ಣಂಗೆ ಸಕ್ಕರೆ ಬ್ಯಾಡ, ಬೆಲ್ಲ ಹಾಕು."

"ಬೆಲ್ಲದ್ ಕಾಫಿ ಬಿಟ್ಟು ಎಷ್ಟು ಕಾಲ ಆಯ್ತು ಕಣ್ಲಾ" ಎಂದರು ತೋಂಟದಾರ್ಯ, ತಮ್ಮನ ಮುಖ ನೋಡಿ. "ಗೊತ್ತಿಲ್ವಾ?"

ಗೊತ್ತಿರಲಿಲ್ಲ.

ಕುಡಿದರೋ ಇಲ್ಲವೋ ಎಂದು ನನ್ನನ್ನು ಕೇಳಬೇಡಿ. ಹಾಲು ಇನ್ನೂ ಉಕ್ಕಿಲ್ಲ. ಅಣ್ಣನ ಪಕ್ಕ ಕೂರಲು ಇರುವುದು ಪೇಟ ಇಟ್ಟ ಆ ಮಣೆಯೊಂದೇ. ಆ ಪೇಟವನ್ನು ಎತ್ತಿ ಎಲ್ಲಿಡುವುದೆಂದು ರುದ್ರೇಶ್ ನೋಡುತ್ತಿದ್ದಾರೆ.