ಕಥೆಯ ತಲೆಯ ಮೇಲೊಂದು ಎಚ್ಚರಿಕೆ

೧

ಎಲ್ಲಿಂದ ಶುರು ಮಾಡಲಿ ಎಂದು ನಿಮ್ಮನ್ನೇ ಕೇಳೋಣ ಎಂದಿದ್ದೆ. ಆದರೆ ನೀವು ಈಗಷ್ಟೇ ಬಂದು ಕೂತಿದ್ದೀರಿ, ಬಂದವರ ಕೈಗೆ ಆಗಲೇ ಕೆಲಸ ಕೊಡುವುದು ಚೆನ್ನಾಗಿರುವುದಿಲ್ಲ. ನಾನೇ ಶುರು ಮಾಡುತ್ತೇನೆ.

ಹಲ್ಲಿನ ಡಾಕ್ಟರೊಬ್ಬರು ಕೀಲಿಯನ್ನು ಒಳಗೇ ಬಿಟ್ಟು ಕ್ಲಿನಿಕ್ಕಿನ ಬಾಗಿಲು ಎಳೆದುಕೊಂಡಿದ್ದಾರೆ. ಬೀಗ ರಿಪೇರಿಯವನು ಬಂದು ಬಾಗಿಲ ಮುಂದೆ ಮಂಡಿಯೂರಿ ಕೂತಿದ್ದಾನೆ. ಕಣ್ಣು ಮುಚ್ಚಿ ತೆಗೆಯಬಹುದಾದ ಬೀಗ ಅದು. ಆದರೂ ಅವನು ಬೇಕೆಂದೇ ತಡ ಮಾಡುತ್ತಿದ್ದಾನೆ. ಡಾಕ್ಟರು ಪಕ್ಕದಲ್ಲಿ ನಿಂತು ತಮ್ಮ ಮರೆವಿನ ಬಗ್ಗೆ ತಾವೇ ತಮಾಷೆ ಮಾಡಿಕೊಳ್ಳುತ್ತಿದ್ದಾರೆ, ಕೇಳುವುದಕ್ಕೆ ಹಿತವಾಗಿದೆ.

(ಈ ಆರಂಭವನ್ನು ನಮ್ಮ ಆನ್‌ಲೈನ್ ಗುಂಪಿನಲ್ಲಿ ತುಂಬಾ ಜನ ಮೆಚ್ಚಿದರು. ಎರಡನೇ ಕಂತಿನಲ್ಲಿ ಡಾಕ್ಟರು ಮೀಸೆ ತಿರುವುವವರೆಗೆ ಮಾತ್ರ.)

೨

ಬೇಡ, ಆ ಆರಂಭ ಬಿಡಿ. ಮೊದಲು ಬರೆಯುತ್ತಿರುವವನು ಯಾರು ಎಂದು ಹೇಳಿಬಿಡುತ್ತೇನೆ.

ನಾನು ಮಿಕ್ಸಿ, ಗೀಸರ್, ಇಸ್ತ್ರಿಪೆಟ್ಟಿಗೆ ತಯಾರಿಸುವ ಕಂಪನಿಯಲ್ಲಿದ್ದೇನೆ. ಪೆಟ್ಟಿಗೆಯ ತಳದಲ್ಲಿ ಒಂದು ಪುಟ್ಟ ಪುಸ್ತಕ ಇಟ್ಟಿರುತ್ತಾರಲ್ಲ, ನೀವು ಓದದೆ ಬಿಸಾಡುತ್ತೀರಲ್ಲ, ಅದರ ಲೇಖಕ. ಪಕ್ಕದ ಕೋಣೆಯಲ್ಲಿ ಇಡೀ ದಿನ ಮಿಕ್ಸಿಗಳು ಬರಿದೇ ಗರಗರ ತಿರುಗುತ್ತಿರುತ್ತವೆ, ಯಾವುದು ಮೊದಲು ಸುಟ್ಟುಹೋಗುತ್ತದೆ ಎಂದು ಟೆಸ್ಟಿಂಗ್‌ನವರು ಕಾಯುತ್ತಿರುತ್ತಾರೆ. ಆ ಗದ್ದಲದಲ್ಲಿ ಕೂತು ನಾನು ಎಚ್ಚರಿಕೆಗಳನ್ನು ಬರೆಯುತ್ತೇನೆ. ಎಚ್ಚರಿಕೆ: ಒದ್ದೆ ಕೈಯಲ್ಲಿ ಮುಟ್ಟಬೇಡಿ. ಎಚ್ಚರಿಕೆ: ಚಾಲೂ ಇರುವಾಗ ಮುಚ್ಚಳ ತೆಗೆಯಬೇಡಿ. ಇದರಲ್ಲಿ ಒಂದು ಶಿಸ್ತಿದೆ. ಎಚ್ಚರಿಕೆ ಬರೆಯಬೇಕಾದರೆ ಎಲ್ಲೋ ಯಾರದೋ ಕೈ ಸುಟ್ಟಿರಬೇಕು, ಇಲ್ಲವೇ ಸುಡುತ್ತದೆ ಎಂದು ಟೆಸ್ಟಿಂಗ್‌ನವರು ತೋರಿಸಿಕೊಟ್ಟಿರಬೇಕು. ಅನುಮಾನದ ಮೇಲೆ ಬರೆಯುವಂತಿಲ್ಲ.

ಸಂಜೆ ಮನೆಗೆ ಬಂದು ಕಥೆ ಬರೆಯುತ್ತೇನೆ. ಕಂತುಕಂತಾಗಿ ಗುಂಪಿಗೆ ಹಾಕುತ್ತೇನೆ. ಆ ಗುಂಪಿನ ಅಡ್ಮಿನ್ ನಮ್ಮಕ್ಕ. ಸ್ವಂತ ಅಕ್ಕ. ಅಲ್ಲಿ ಇದು ಬೇರೆ ಯಾರಿಗೂ ಗೊತ್ತಿಲ್ಲ, ನಾನಿರುವುದು ಕಳ್ಳಹೆಸರಿನಲ್ಲಿ. ಅಕ್ಕನಿಗೆ ಔಷಧಿ ಅಂಗಡಿಯಿದೆ; ಗಿರಾಕಿಗಳ ನಡುವೆ ಬಿಡುವಾದಾಗಲೆಲ್ಲ ಗುಂಪಿನಲ್ಲಿ ಪಂಚಾಯಿತಿ ಮಾಡುತ್ತಾಳೆ. ಅಲ್ಲಿ ನನ್ನನ್ನು "ಮಾನ್ಯ ಲೇಖಕರೇ" ಎನ್ನುತ್ತಾಳೆ. ಫೋನಿನಲ್ಲಿ "ಲೋ".

೨ (ಮತ್ತೆ, ಏಕೆಂದರೆ ಮುಖ್ಯವಾದದ್ದು ಬಿಟ್ಟುಹೋಯಿತು)

ಅಕ್ಕನ ಗುಂಪಿನಲ್ಲಿ ಒಂದು ಪದ್ಧತಿಯಿದೆ. ಹಿಂದೊಮ್ಮೆ ಯಾರೋ ಒಂದು ಕಥೆಯ ಕೊನೆಯಲ್ಲಿ ನಾಯಿಯನ್ನು ಸಾಯಿಸಿಬಿಟ್ಟರು. ಅದೇ ವಾರ ಸ್ವಂತ ನಾಯಿಯನ್ನು ಕಳೆದುಕೊಂಡಿದ್ದ ಓದುಗಿಯೊಬ್ಬಳು ಅದನ್ನು ಓದಿ ಊಟ ಬಿಟ್ಟಳು. ಅಕ್ಕ ಅವಳನ್ನು ಫೋನಿನಲ್ಲಿ ಸಮಾಧಾನ ಮಾಡಿದಳು, ಆಮೇಲೆ ನಿಯಮ ತಂದಳು: ಮನಸ್ಸಿಗೆ ನೋವಾಗುವಂಥದ್ದು ಏನೇ ಇದ್ದರೂ ಕಥೆಯ ತಲೆಯ ಮೇಲೆ ಮೊದಲೇ ಹೇಳಬೇಕು. ಎಚ್ಚರಿಕೆ: ರಕ್ತ. ಎಚ್ಚರಿಕೆ: ಮಗುವಿನ ಸಾವು. ಎಚ್ಚರಿಕೆ: ನಾಯಿ. ಲೇಖಕರು ಮರೆತರೆ ಅಕ್ಕನೇ ಹಾಕುತ್ತಾಳೆ. ಎಷ್ಟು ಒಳ್ಳೆಯ ನಿಯಮ ನೋಡಿ. ನಮ್ಮಕ್ಕ ಅಂಥವಳು.

ನನ್ನ ಕಥೆಯ ಮೂರನೇ ಕಂತಿನಲ್ಲಿ ಬೀಗದವನು ಡಾಕ್ಟರ ಕೈ ಹಿಡಿದುಕೊಂಡ. ಬೆಳಿಗ್ಗೆ ಎದ್ದು ನೋಡುತ್ತೇನೆ, ಕಥೆಯ ತಲೆಯ ಮೇಲೆ ಒಂದು ಸಾಲು ಬಂದು ಕೂತಿದೆ. ಎಚ್ಚರಿಕೆ: ಗಂಡಸರ ನಡುವಿನ ಪ್ರೀತಿ.

ನಾನು ಫೋನ್ ಮಾಡಿದೆ.

"ಲೋ, ಬೇಜಾರು ಮಾಡ್ಕೋಬೇಡ. ಒಂದು ಸಾಲು ಅಷ್ಟೇ. ಇಷ್ಟ ಇಲ್ದವರು ಓದದೆ ಮುಂದೆ ಹೋಗ್ತಾರೆ."

"ಅಕ್ಕ, ನಾಯಿ ಸಾಯೋದರ ಪಕ್ಕ ಇವರನ್ನ ಕೂರ್ಸಿದೀಯಲ್ಲ."

"ನಾಯಿ ವಿಷಯ ಬೇರೆ ಕಣೋ."

"ನಾನೂ ಅದನ್ನೇ ಹೇಳ್ತಿರೋದು."

"ಮಂದಿರದವರು ಎಷ್ಟೊಂದು ಜನ ಇದಾರೆ ಗುಂಪಲ್ಲಿ. ಗುರುಗಳು ಹೋದ ವಾರ ತಾನೇ ಇದನ್ನ ಪಾಪ ಅಂದ್ರು. ಮುಂದಿನ ಸಾಲಲ್ಲಿ ಕೂತು ತಲೆ ಆಡ್ಸಿರೋಳು ನಾನು."

(ಯಾವ ಮಂದಿರ, ಯಾವ ಧರ್ಮ ಎಂದು ಕೇಳಬೇಡಿ. ಬೇರೆ ಎಲ್ಲದಕ್ಕೂ ಕಿತ್ತಾಡುವವರು ಈ ವಿಷಯ ಬಂದರೆ ಒಂದೇ ರಾಗ ಹಾಡುತ್ತಾರೆ.)

ಯಾರ ಕೈ ಸುಟ್ಟಿದೆ ಅಕ್ಕ, ಎಂದು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಅವಳಿಗೆ ಗಿರಾಕಿ ಬಂದರು.

೪

(ಮೂರು ಎಲ್ಲಿ ಎಂದಿರಾ? ಅದರಲ್ಲಿ ಸಮಾಜದ ಬಗ್ಗೆ ಉದ್ದುದ್ದ ಭಾಷಣವಿತ್ತು. ಓದಿ ನೋಡಿದೆ, ನನಗೇ ಆಕಳಿಕೆ ಬಂತು. ತೆಗೆದೆ.)

ನನ್ನ ಜೊತೆ ಮನೆಯಲ್ಲಿ ಇನ್ನೊಬ್ಬನಿದ್ದಾನೆ. ಮಕ್ಕಳಿಗೆ ಈಜು ಕಲಿಸುತ್ತಾನೆ, ಹಾಗಾಗಿ ಅವನನ್ನು ಮೀನು ಎಂದು ಕರೆಯುತ್ತೇನೆ. ಮನೆಯ ಎಲ್ಲ ಕುರ್ಚಿಗಳ ಮೇಲೆ ಅವನ ಒದ್ದೆ ಟವೆಲ್ಲುಗಳಿರುತ್ತವೆ, ಎಲ್ಲ ದಿಂಬುಗಳಿಗೆ ಕ್ಲೋರಿನ್ ವಾಸನೆ. ಅಕ್ಕ ಅವನನ್ನು "ನಿನ್ನ ರೂಮಿನವನು" ಎನ್ನುತ್ತಾಳೆ. ನಾವಿಬ್ಬರೂ ಆ ಮಾತನ್ನು ತಿದ್ದಿಲ್ಲ. ತಿದ್ದಿದರೆ ಅದು ಅಕ್ಕನಿಂದ ಮಂದಿರಕ್ಕೆ, ಮಂದಿರದಿಂದ ಈಜುಕೊಳಕ್ಕೆ ಹೋಗುತ್ತದೆ. ಯಾವ ತಾಯಿ ತಂದೆಯೂ ನಾಳೆಯಿಂದ ಮಗುವನ್ನು ಕಳಿಸುವುದಿಲ್ಲ. ಅವನ ಅನ್ನ ಹೋಗುತ್ತದೆ. ಹೋದರೆ ಕೇಳಲು ನಮಗೆ ಯಾವ ಕಾನೂನೂ ಇಲ್ಲ.

ಈಗ ನಿಮಗೆ ಗೊತ್ತಾಯಿತು, ಆ ಒಂದು ಸಾಲು ನನಗೆ ಏಕೆ ಅಷ್ಟು ಉರಿಯಿತು ಎಂದು. ಅಕ್ಕ ಅದನ್ನು ಹಾಕಿದ್ದು ಕಥೆಯ ಮೇಲೆ. ನನಗೆ ಕಂಡಿದ್ದು ನಮ್ಮ ಮನೆಯ ಬಾಗಿಲ ಮೇಲೆ.

೫

ಅಕ್ಕ ರಾಜಿಗೆ ಬಂದಳು. "ಡಾಕ್ಟರನ್ನ ಸಾಯಿಸಿಬಿಡು," ಎಂದಳು.

"ಯಾಕೆ?"

"ಎಲ್ರೂ ಅಳ್ತಾರೆ. ಅಳೋವಾಗ ಯಾರೂ ಜಗಳ ಆಡಲ್ಲ. ಮಂದಿರದವರೂ ಅಯ್ಯೋ ಪಾಪ ಅಂತಾರೆ."

ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆ ಇಬ್ಬರನ್ನು ಬೈಗುಳದಿಂದ ಕಾಪಾಡಲು ಅವಳಿಗೆ ಹೊಳೆದ ದಾರಿ ಅದೊಂದೇ. ನಾನೂ ಕುಳಿತು ಬರೆದು ನೋಡಿದೆ.

ಅಂತ್ಯ ಒಂದು: ಡಾಕ್ಟರು ರಸ್ತೆ ದಾಟುತ್ತಾರೆ. ಲಾರಿ ಬರುತ್ತದೆ.

ಅಷ್ಟರಲ್ಲಿ ಕಥೆಯೊಳಗಿಂದ ಬೀಗದವನು ಎದ್ದು ಬಂದ. ಕೈಯಲ್ಲಿ ಸ್ಕ್ರೂಡ್ರೈವರ್.

"ಸ್ವಾಮಿ, ಇವರು ಆ ರಸ್ತೆ ದಾಟೋದು ಯಾಕೆ? ಕ್ಲಿನಿಕ್ಕು ಈ ಕಡೆ, ಮನೆ ಈ ಕಡೆ, ತರಕಾರಿ ಅಂಗಡೀನೂ ಈ ಕಡೆನೇ."

ಬೇರೆ ಏನಾದರೂ ಕೆಲಸವಿರಬಹುದು ಎಂದೆ.

"ಏನ್ ಕೆಲಸ ಹೇಳಿ. ನಾನೇ ಮಾಡ್ಕೊಂಡ್ ಬರ್ತೀನಿ."

ಅಂತ್ಯ ಎರಡು: ಬೀಗದವನಿಗೆ ಮನೆಯವರು ಒಂದು ಹುಡುಗಿ ನೋಡುತ್ತಾರೆ, ಅವನು ಒಪ್ಪಿ ಕಿಟಕಿಯಾಚೆ ದಿಟ್ಟಿಸುತ್ತಾನೆ.

"ಆ ಹುಡುಗಿ ನಿಮಗೇನು ಅನ್ಯಾಯ ಮಾಡಿದಾಳೆ?" ಎಂದು ಈ ಸಲ ಡಾಕ್ಟರೇ ಕೇಳಿದರು. ಅದನ್ನೂ ಅಳಿಸಿದೆ.

ಅಂತ್ಯ ಮೂರು: ಇಬ್ಬರೂ ಯಾವುದೋ ದೂರದ ದೇಶಕ್ಕೆ ಹೋಗಿ ಸುಖವಾಗಿರುತ್ತಾರೆ. ಇದನ್ನು ಓದಿ ಇಬ್ಬರೂ ಮುಖ ಮುಖ ನೋಡಿಕೊಂಡರು. ಅಲ್ಲಿ ಹೊಸದಾಗಿ ಗಿರಾಕಿಗಳನ್ನು ಹುಡುಕಿಕೊಡುವವರು ಯಾರು ಎಂದರು. ಅವರದೂ ಸರಿಯೇ. ಹತ್ತಿರದ ಬೀದಿಯಲ್ಲಿ ಬದುಕಲಿಕ್ಕೆ ಬಿಡದೆ ದೂರದಲ್ಲಿ ಸುಖವಾಗಿರಿ ಎನ್ನುವುದು ಎಂಥ ಆಶೀರ್ವಾದ?

೬

ಕಡೆಗೆ ಯಾವ ಅಂತ್ಯವನ್ನೂ ಹಾಕದೆ ಒಂದು ಆಸ್ಪತ್ರೆ ಬರೆದೆ. ಇದು ಹೊಸೆದದ್ದಲ್ಲ. ಹೋದ ವರ್ಷ ಮೀನುವಿಗೆ ಹೊಟ್ಟೆನೋವು ಬಂದು, ಅಪೆಂಡಿಕ್ಸ್ ಎಂದರು. ಕೌಂಟರಿನಲ್ಲಿ ಕೇಳಿದರು, ಪೇಷೆಂಟ್‌ಗೆ ನೀವೇನಾಗಬೇಕು? ಅಣ್ಣ ಎಂದೆ. ಕೌಂಟರಿನಾಕೆ ನಮ್ಮಿಬ್ಬರನ್ನೂ ನೋಡಿ, "ಹೌದು, ಮೂಗು ಒಂದೇ ಥರ ಇದೆ" ಎಂದಳು. ನೋವಿನಲ್ಲಿ ಮುದುಡಿಕೊಂಡಿದ್ದವನು ನಕ್ಕು ಇನ್ನಷ್ಟು ನರಳಿದ. ಸುಳ್ಳು ಹೇಳಿದ್ದಕ್ಕೆ ನನ್ನನ್ನು ಒಳಗೆ ಬಿಟ್ಟರು. ನಿಜ ಹೇಳಿದ್ದರೆ ಹೊರಗಿನ ಬೆಂಚು.

ಇದನ್ನು ಹಾಗೆಯೇ ನನ್ನ ಕಥೆಯ ಡಾಕ್ಟರಿಗೆ ಕೊಟ್ಟೆ. ಆಸ್ಪತ್ರೆಯ ಮಂಚದ ಮೇಲೆ ಬೀಗದವನು, ಪಕ್ಕದಲ್ಲಿ ಸ್ಟೂಲಿನ ಮೇಲೆ ಸುಳ್ಳು ಅಣ್ಣನಾಗಿ ಡಾಕ್ಟರು, ಮಾತ್ರೆ ನುಂಗಿಸುತ್ತಿದ್ದಾರೆ. ಅದೇ ಹೊತ್ತಿಗೆ ಬೇರೊಂದು ಬೀದಿಯಲ್ಲಿ ಬೀಗದವನ ಅಕ್ಕ ದೇವರ ಮುಂದೆ ಕಣ್ಣು ಮುಚ್ಚಿ ಕೂತಿದ್ದಾಳೆ. "ನನ್ನ ತಮ್ಮ ಒಬ್ಬನೇ ಇದಾನೆ. ಜ್ವರ ಬಂದ್ರೆ ಒಂದು ಲೋಟ ನೀರು ಕೊಡೋರಿಲ್ಲ. ಅವನಿಗೊಂದು ಜೊತೆ ಕೊಡು ತಂದೆ. ನಿಂಗೆ ಕಿವಿ ಇದ್ಯೋ ಇಲ್ವೋ."

ಕಂತು ಹಾಕಿದೆ. ಗುಂಪು ಎರಡು ಪಾಲಾಯಿತು. ಕಾನೂನು ಬದಲಾಗಬೇಕು ಎಂದು ಒಬ್ಬರು. ದೇವರ ಕಾನೂನು ಬದಲಾಗುವುದಿಲ್ಲ ಎಂದು ಇನ್ನೊಬ್ಬರು. ನಾಯಿ ಕಳೆದುಕೊಂಡಿದ್ದಾಕೆ, "ಆ ಅಕ್ಕನಿಗೆ ಯಾರಾದರೂ ಹೇಳಿ ಪ್ಲೀಸ್" ಎಂದು ಬರೆದಿದ್ದಳು.

೭

ಇವತ್ತು ನನಗೆ ರಜೆ. ಮಧ್ಯಾಹ್ನ ಅಕ್ಕನ ಫೋನು ಬಂತು, ಅಂಗಡಿಯಿಂದಲೇ.

"ಆ ಪ್ರಾರ್ಥನೆ ನಂದು," ಎಂದಳು.

"ಹೂಂ. ನಿಂದೇ. ನಿನ್ನ ಮನೆಗೆ ಬಂದಾಗೆಲ್ಲ ಕೇಳಿಸ್ಕೊಂಡಿದೀನಿ."

"ಬೇರೆಯವರದ್ದು ತಗೊಂಡ್ರೆ ಮೊದಲು ಕೇಳ್ಬೇಕು ಅಂತ ನಿಯಮ ಇದೆ."

"ದೇವರ ಹತ್ರ ಹೇಳಿದ್ದಕ್ಕೂ ಕಾಪಿರೈಟ್ ಇದ್ಯಾ ಅಕ್ಕ?"

ಅವಳು ನಗಲಿಲ್ಲ. ಯಾರಿಗೋ ಮಾತ್ರೆ ಎಣಿಸಿ ಕೊಟ್ಟು, ಊಟ ಆದ್ಮೇಲೆ ತಗೊಳ್ಳಿ ಎಂದು ಹೇಳಿ ಕಳಿಸಿದಳು. ಮತ್ತೆ ಫೋನಿಗೆ ಬಂದಾಗ ದನಿ ಸಣ್ಣದಾಗಿತ್ತು.

"ಅವಳು ಅಲ್ಲಿ ಕೂತು ಜೊತೆ ಕೊಡು ಕೊಡು ಅಂತ ಬೇಡ್ಕೋತಿದಾಳೆ. ಇಲ್ಲಿ ಅವನು ಪಕ್ಕದಲ್ಲೇ ಕೂತಿದಾನೆ. ಓದೋರಿಗೆಲ್ಲ ಗೊತ್ತು, ಅವಳೊಬ್ಬಳಿಗೆ ಗೊತ್ತಿಲ್ಲ. ಅವಳನ್ನ ನೋಡಿ ಎಲ್ರೂ ನಗಲಿ ಅಂತ ಬರೆದ್ಯಾ?"

"ಇಲ್ಲ ಅಕ್ಕ. ಅವಳನ್ನ ನೋಡಿ ನಂಗೆ ಅಳು ಬಂತು, ಅದಕ್ಕೇ ಬರೆದೆ."

ಕಥೆಗಾರ ಇಲ್ಲೊಂದು ಜಾಣ ಮಾತು ಸೇರಿಸಬಹುದಿತ್ತು. ಆಗ ನನಗೆ ಏನೂ ಹೊಳೆಯಲಿಲ್ಲ.

"ಲೋ."

"ಹೇಳು."

"ನಾನು ಕೇಳ್ಕೊಂಡಿದ್ದು ನಿಂಗೆ ಸಿಕ್ಕಿ ಎಷ್ಟು ದಿನ ಆಯ್ತು?"

ಮೀನು ಸಿಂಕಿನ ಮುಂದೆ ನಿಂತು ಈಜುಕನ್ನಡಕ ತೊಳೆಯುತ್ತಿದ್ದ. ಅವನ ಬೆನ್ನು ನೋಡುತ್ತಾ ಹೇಳಿದೆ. "ನೀನು ಹೊಸ ಅಂಗಡಿ ಹಾಕಿದೆಯಲ್ಲ, ಆ ವರ್ಷ."

ಅಕ್ಕ ಯಾವುದೋ ಡಬ್ಬಿಯ ಮುಚ್ಚಳ ತೆಗೆದು ಮತ್ತೆ ಮುಚ್ಚಿದ್ದು ಕೇಳಿಸಿತು.

"ಅಲ್ಲಿಂದ ಇಲ್ಲಿವರೆಗೂ ದಿನಾ ಬೆಳಿಗ್ಗೆ ದೇವರನ್ನ ಕಿವುಡ ಅಂತ ಬೈತಾ ಇದೀನಿ ಕಣೋ. ಪಾಪ, ಅವನು ಯಾವತ್ತೋ ಕೊಟ್ಟಾಗಿದೆ."

ನನಗೆ ನಗುವೂ ಬಂತು, ಅಳುವೂ ಬಂತು, ಎರಡನ್ನೂ ತಡೆದುಕೊಂಡೆ.

"ಗುರುಗಳು ಹೇಳಿದ್ದು ಸುಳ್ಳಾ ಅಂತ ಇವತ್ತು ಕೇಳ್ಬೇಡ," ಎಂದಳು. "ನಂಗೆ ಗೊತ್ತಿಲ್ಲ. ಆ ಲೆವೆಲ್ಲಿಗೆಲ್ಲ ನನ್ನ ತಲೆ ಓಡಲ್ಲ. ಅವನಿದಾನಾ ಮನೇಲಿ? ಫೋನ್ ಕೊಡು."

ಕೊನೆಯಲ್ಲದ ಭಾಗ

ಅಂತ್ಯ ಎಲ್ಲಿ ಎಂದು ಬೀಗದವನು ಕೇಳುತ್ತಿದ್ದಾನೆ. ಡಾಕ್ಟರು ಅವನನ್ನು ಸುಮ್ಮನಿರಿಸುತ್ತಿದ್ದಾರೆ. ನೀವೂ ಕೇಳುತ್ತಿರಬಹುದು: ಆ ಸಾಲನ್ನು ಅಕ್ಕ ತೆಗೆದಳೇ? ಈ ಭಾಗ ಬರೆಯುವ ಮೊದಲು ಲ್ಯಾಪ್‌ಟಾಪಿನಲ್ಲಿ ಗುಂಪಿಗೆ ಹೋಗಿ ನೋಡಿದೆ. ಇನ್ನೂ ಅಲ್ಲೇ ಇದೆ. ತೆಗೆಯುತ್ತಾಳೋ, ಅಡ್ಮಿನ್ ಸ್ಥಾನವನ್ನೇ ಬಿಡುತ್ತಾಳೋ, ಮುಂದಿನ ವಾರ ಮಂದಿರದಲ್ಲಿ ಮುಂದಿನ ಸಾಲಿನಲ್ಲಿ ಕೂರುತ್ತಾಳೋ ಹಿಂದೆ ಸರಿಯುತ್ತಾಳೋ, ನನಗೆ ಗೊತ್ತಿಲ್ಲ. ನನಗೆ ಬೇಕಾದ ಹಾಗೆ ಬರೆದುಬಿಡಬಹುದು, ಬೆರಳು ತುರಿಸುತ್ತಿದೆ. ಆದರೆ ಅವಳು ನನ್ನ ಪಾತ್ರವಲ್ಲ, ನಮ್ಮಕ್ಕ.

ಗೊತ್ತಿರುವುದು ಇಷ್ಟೇ. ಒಳಗಡೆ ಫೋನು ಇನ್ನೂ ಮುಗಿದಿಲ್ಲ. ಮೊದಮೊದಲು ಮೀನು ನಿಂತೇ "ಹೂಂ, ಹೂಂ" ಎನ್ನುತ್ತಿದ್ದ. ಆಮೇಲೆ ಒಂದು ಟವೆಲ್ಲು ಸರಿಸಿ ಕುರ್ಚಿಯಲ್ಲಿ ಕೂತ. ಇಷ್ಟು ವರ್ಷ ನನ್ನ ಮುಂದೆ "ನಿಮ್ಮಕ್ಕ" ಎನ್ನುತ್ತಿದ್ದವನು ಈಗ "ಇಲ್ಲ ಅಕ್ಕ, ಅವನೇ ಅಡುಗೆ ಮಾಡೋದು" ಎಂದು ಚಾಡಿ ಹೇಳುತ್ತಿದ್ದಾನೆ. ನಾನು ಬಾಗಿಲ ಹತ್ತಿರ ಹೋದೆ. ಅವನು ಫೋನಿನ ಮೇಲೆ ಕೈ ಮುಚ್ಚಿಕೊಂಡ.

"ನಮ್ಮಮ್ಮ ನನ್ ಜೊತೆ ಮಾತಾಡ್ತಾರಾ ಅಂತ ಅಕ್ಕ ಕೇಳಿದ್ರು. ಇಲ್ಲ ಅಂದೆ. ಹಾಗಾದ್ರೆ ಅವರ ಹೆಸರು ಹೇಳು ಅಂತಿದಾರೆ. ನಾಳೆ ಬೆಳಿಗ್ಗೆಯಿಂದ ದೇವರ ಹತ್ರ ಅದನ್ನ ಕೇಳ್ತಾರಂತೆ."

ನಮ್ಮ ವಿಷಯ ಗೊತ್ತಾದ ದಿನದಿಂದ ಮೀನುವಿನ ಅಮ್ಮ ಅವನೊಂದಿಗೆ ಮಾತು ಬಿಟ್ಟಿದ್ದಾರೆ. ಆ ಹೆಸರನ್ನು ಅವನು ಈ ಮನೆಯಲ್ಲಿ ಒಮ್ಮೆಯೂ ಬಾಯಿಬಿಟ್ಟು ಹೇಳಿದ್ದಿಲ್ಲ.

ಅವನು ಫೋನನ್ನು ಕಿವಿಗಿಟ್ಟುಕೊಂಡು ಆ ಹೆಸರು ಹೇಳಿದ. ಅಂಗಡಿಯಲ್ಲಿ ಗದ್ದಲವಿತ್ತೇನೋ, ಅಕ್ಕನಿಗೆ ಕೇಳಿಸಲಿಲ್ಲ. ಇನ್ನೊಂದು ಸಲ, ಸ್ವಲ್ಪ ಜೋರಾಗಿ, ಹೇಳಬೇಕಾಯಿತು.