ಹನ್ನೊಂದು ವರ್ಷದ ಟಕ ಟಕ

ಎಡಗೈಯಲ್ಲಿ ಹೇರ್ ಡ್ರೈಯರ್, ಬಲಗೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು ವರ್ಲಿಸ್ ಫ್ರೀಜರಿನೊಳಗೆ ತಲೆ ತೂರಿಸಿ ನಿಂತಿದ್ದಳು. ಗಂಡನ ಮಣ್ಣಿಗೆಂದು ಹಾಕಿಕೊಂಡ ಕಪ್ಪು ಉಡುಪಿನ ಮೇಲೆ ಅಡುಗೆಯ ಏಪ್ರನ್ನು. ಒಳಗಿದ್ದ ಜಿಂಕೆ ಮಾಂಸ, ಬಟಾಣಿ, ಎರಡು ದಿನದಿಂದ ಊರವರು ಸಾವಿನ ಮನೆಗೆಂದು ಬೇಯಿಸಿ ತಂದು ಸುರಿದ ಹಾಟ್‌ಡಿಷ್ ಊಟದ ಡಬ್ಬಿಗಳು ಎಲ್ಲವೂ ಹಿತ್ತಿಲ ಮೆಟ್ಟಿಲ ಮೇಲಿನ ಹಿಮದಲ್ಲಿ ಸಾಲಾಗಿ ಕೂತಿದ್ದವು.

"ಗಂಟೆ ಒಂಬತ್ತೂವರೆ ಆಯ್ತು ಮಾರಾಯ್ತಿ," ಅಂದಳು ಮಾರ್ದೆಲ್. ಸತ್ತ ಓರಿನ್‌ನ ಒಬ್ಬಳೇ ತಂಗಿ. ಕೋಟು ತೊಟ್ಟು, ಬೀಗದ ಕೈ ಹಿಡಿದು ಬಾಗಿಲಲ್ಲೇ ನಿಂತಿದ್ದಳು. "ಹತ್ತಕ್ಕೆ ಚರ್ಚಿಗೆ ಜನ ಮುಖ ನೋಡೋಕೆ ಬರ್ತಾರೆ. ಹೆಂಡ್ತಿ ಎಲ್ಲಿ ಅಂದ್ರೆ ಏನು ಹೇಳ್ಲಿ? ಫ್ರಿಜ್ ರಿಪೇರಿ ಮಾಡ್ತಿದಾಳೆ ಅನ್ನಲಾ?"

"ಹಾಗೇ ಹೇಳು."

"ನಾಳೆ ಮಾಡಿದ್ರಾಗಲ್ವಾ?"

"ನಾಳೆ ಅವನು ಮಣ್ಣಡಿ ಇರ್ತಾನೆ. ಅವನನ್ನ ಹೂಳೋ ಮೊದ್ಲು ಇದರ ಬಾಯಿ ಮುಚ್ಚಿಸ್ಬೇಕು. ಇಲ್ದಿದ್ರೆ ಗೆದ್ದೋನು ಅವನೇ."

ಮಾರ್ದೆಲ್ ಉಸ್ಸೆಂದು ಕುರ್ಚಿಯಲ್ಲಿ ಕೂತಳು. ಅಣ್ಣ ಮೂವತ್ತೆಂಟು ವರ್ಷ ಈ ಊರಿನ ಪ್ರತಿ ಮನೆಯ ಫ್ರಿಜ್ಜು, ಬಟ್ಟೆ ಒಗೆಯುವ ಮಿಷನ್ನು ರಿಪೇರಿ ಮಾಡಿದವನು. ಅವನ ಮನೆಯ ಫ್ರೀಜರ್ ಮಾತ್ರ ಹನ್ನೊಂದು ವರ್ಷದಿಂದ ಹಗಲೂ ರಾತ್ರಿ ಟಕ ಟಕ ಟಕ ಅನ್ನುತ್ತಿತ್ತು. ಆ ಸದ್ದು ಕೇಳದೆ ಈ ಅಡುಗೆಮನೆಯಲ್ಲಿ ಕಾಫಿ ಕುಡಿದವರು ಊರಲ್ಲಿ ಯಾರೂ ಇರಲಿಲ್ಲ.

*

ಅದು ಶುರುವಾದದ್ದು ಒಂದು ನವೆಂಬರಿನಲ್ಲಿ. ಓರಿನ್ ಜಿಂಕೆ ಬೇಟೆಗೆ ಹೋಗಿದ್ದ. ಭಾನುವಾರ ಬೆಳಗ್ಗೆ ಫ್ರೀಜರ್ ತಣ್ಣಗಾಗುವುದೇ ನಿಂತಿತು. ವರ್ಷಕ್ಕಾಗುವಷ್ಟು ಮಾಂಸ ಒಳಗೆ ನೀರಾಡುತ್ತಿತ್ತು, ಕಾಡಿನ ಗುಡಿಸಲಿಗೆ ಫೋನಿಲ್ಲ. ವರ್ಲಿಸ್ ಬೇರೆ ದಾರಿ ಕಾಣದೆ ಲೈಲ್ ಕ್ವಾಮ್‌ನನ್ನು ಕರೆದಳು. ಊರಿನ ಆ ತುದಿಯಲ್ಲಿ ಅದೇ ಕಸುಬು ಮಾಡುತ್ತಿದ್ದವನು, ಓರಿನ್‌ನ ಹೆಸರೆತ್ತಿದರೆ ನಕ್ಕು ಸುಮ್ಮನಾಗುವ ಸಾಧು ಮನುಷ್ಯ.

ಲೈಲ್ ಒಂದು ತಾಸಿನಲ್ಲಿ ಸರಿಮಾಡಿದ. ಆದರೆ ಹಳದಿ ಅಕ್ಷರದಲ್ಲಿ ಅವನ ಹೆಸರು ಬರೆದ ವ್ಯಾನು ಓರಿನ್‌ನ ಮನೆಮುಂದೆ ನಿಂತಿದ್ದಾಗಲೇ ಚರ್ಚು ಬಿಟ್ಟಿತು. ಇಡೀ ಊರು ಅದರ ಪಕ್ಕದಲ್ಲೇ ಹಾದುಹೋಯಿತು.

ಬುಧವಾರ ಕೆಫೆಯಲ್ಲಿ ಯಾರೋ, "ಏನಯ್ಯಾ ಓರಿನ್, ನಿನ್ನ ಫ್ರಿಜ್ಜಿಗೆ ಡಾಕ್ಟ್ರು ಬೇರೆಯವ್ರಂತೆ," ಅಂದರು. ಓರಿನ್ ಮನೆಗೆ ಬಂದು ಫ್ರೀಜರಿನ ಕಡೆ ಒಮ್ಮೆ ನೋಡಿ ಉಂಡ. ಮರುದಿನ ವರ್ಲಿಸ್ ಚರ್ಚಿನ ಹಾಡಿನ ಅಭ್ಯಾಸ ಮುಗಿಸಿ ಬರುವಷ್ಟರಲ್ಲಿ ಸದ್ದು ಶುರುವಾಗಿತ್ತು.

"ಲೈಲ್ ಮುಟ್ಟಿದ್ದನ್ನ ನಾನು ಮುಟ್ಟಲ್ಲ," ಅಂದ. ಕಾಫಿಗೆ ಬಂದವರಿಗೆಲ್ಲ ಬೆರಳೆತ್ತಿ, "ಕೇಳಿಸ್ತಾ? ಅದು ಲೈಲ್ ಕೆಲಸ," ಅನ್ನುತ್ತಿದ್ದ. ಸಾಕಾದಾಗ ತನ್ನ ಮಂದ ಕಿವಿಗೆ ಹಾಕುವ ಮಿಷನ್ನು ತೆಗೆದು ಮೊಟ್ಟೆ ಇಡುವ ಬಟ್ಟಲಲ್ಲಿಟ್ಟು ಹಾಯಾಗಿ ಮಲಗುತ್ತಿದ್ದ. ಕೇಳುವ ಕಿವಿ ಇದ್ದದ್ದು ವರ್ಲಿಸಳಿಗೆ ಮಾತ್ರ.

ಬಾಗಿಲು ತೆಗೆದರೆ ಸದ್ದು ನಿಲ್ಲುತ್ತಿತ್ತು, ಮುಚ್ಚಿದರೆ ಮತ್ತೆ ಶುರು. ಬಾಗಿಲು ತೆಗೆದಾಗ ನಿಲ್ಲುವುದು ಒಳಗಿನ ಫ್ಯಾನು, ಹಾಗಾದರೆ ಅದರದೇ ತಕರಾರು. ಮೂವತ್ತು ವರ್ಷ ಗಂಡನ ಫೋನೆತ್ತಿ ಊರವರಿಗೆ ಇದನ್ನೇ ಹೇಳಿದವಳು ಅವಳು. ರೆಕ್ಕೆಗೆ ಐಸು ತಾಗುತ್ತಿರಬಹುದೆಂದು ಎರಡು ಸಲ ಫ್ರೀಜರ್ ಆರಿಸಿ ಕರಗಿಸಿ ನೋಡಿದಳು, ಸದ್ದು ಹೋಗಲಿಲ್ಲ. ಲೈಲ್ ಏನೋ ಕೆಡಿಸಿದ್ದಾನೆಂದು ಅವಳೂ ನಂಬಿದಳು. ಅಂಗಡಿಯಲ್ಲಿ ಎದುರಾದರೆ ಮುಖ ತಿರುಗಿಸಿದಳು. ತಾನೇ ಬಿಚ್ಚಿ ನೋಡಲು ಮಾತ್ರ ಮನಸ್ಸು ಒಪ್ಪಲಿಲ್ಲ. ಊರಿಗೆಲ್ಲ ಮಾಡುವವನು ನನಗೂ ಮಾಡಲಿ, ಅವನೇ ಮಾಡಲಿ ಎಂದು ಹಲ್ಲು ಕಚ್ಚಿ ಕೂತಳು.

ಲೈಲ್‌ನನ್ನು ಕರೆಯುವವರು ಕಡಿಮೆಯಾದರು. ಮೂರನೆಯ ವರ್ಷ ಅವನು ವ್ಯಾನು ಮಾರಿ, ಶಾಲೆಯ ಬಸ್ಸು ಓಡಿಸಲು ಸೇರಿಕೊಂಡ.

*

ಹಿಂಬದಿಯ ಪ್ಲಾಸ್ಟಿಕ್ ಹಲಗೆ ಕಳಚಿ ಕೈಗೆ ಬಂತು. ವರ್ಲಿಸ್ ಬಗ್ಗಿ ನೋಡಿದಳು. ಡ್ರೈಯರ್ ಆರಿಸಿದಳು.

"ಐಸಾ?" ಅಂದಳು ಮಾರ್ದೆಲ್.

"ಐಸಾಗಿದ್ರೆ ಕರಗಿರ್ತಿತ್ತು. ಬಾ ಇಲ್ಲಿ."

ಫ್ಯಾನಿನ ಚೌಕಟ್ಟಿಗೆ ಬ್ರೆಡ್ಡಿನ ಚೀಲದ ಬಾಯಿಗೆ ಹಾಕುವ ಪ್ಲಾಸ್ಟಿಕ್ ಕ್ಲಿಪ್ಪೊಂದನ್ನು ತಾಮ್ರದ ತಂತಿಯಲ್ಲಿ ಕಟ್ಟಿತ್ತು. ರೆಕ್ಕೆ ತಿರುಗಿದಾಗೆಲ್ಲ ಅದರ ತುದಿಗೆ ತಾಗಬೇಕು, ಅಷ್ಟು ಲೆಕ್ಕ ಹಾಕಿ ಕಟ್ಟಿದ್ದು. ತಂತಿಗೆ ಮೂರು ಸುತ್ತು, ಯಾರ ಕೈಗೂ ಗೀರದಂತೆ ತುದಿಯನ್ನು ಒಳಗೆ ಮಡಚಿತ್ತು. ಈ ಊರಲ್ಲಿ ಹಾಗೆ ಮಡಚುತ್ತಿದ್ದವನು ಒಬ್ಬನೇ. ಅವನ ಜೊತೆ ಬೆಳೆದ ತಂಗಿಗೂ ಅದು ಗೊತ್ತಿತ್ತು.

ವರ್ಲಿಸಳ ಕಿವಿ ಬಿಸಿಯಾಯಿತು. ಹನ್ನೊಂದು ವರ್ಷ ತನ್ನ ನಿದ್ದೆ ತಿಂದದ್ದಕ್ಕಿಂತ, ತಾನೂ ಒಬ್ಬ ಬಡಪಾಯಿಗೆ ಮುಖ ತಿರುಗಿಸುವಂತೆ ಮಾಡಿದ್ದಕ್ಕೆ ಅವಳಿಗೆ ಸಿಟ್ಟು ನೆತ್ತಿಗೇರಿತು. ನಾಲ್ಕು ಸ್ಕ್ರೂ ಬಿಚ್ಚಿ, ವೈರು ಕಳಚಿ, ಫ್ಯಾನನ್ನು ಕ್ಲಿಪ್ಪಿನ ಸಮೇತ ಹೊರಗೆಳೆದಳು.

"ನಿನ್ನ ಅಕ್ಷರ ಚೆನ್ನಾಗಿದೆಯಲ್ಲ, ಇನ್ನೊಂದು ಚೀಟಿ ಬರೀ," ಅಂದಳು.

ಚರ್ಚಿನಲ್ಲಿ ಶವಪೆಟ್ಟಿಗೆಯ ಪಕ್ಕ, ಸತ್ತವರ ಸಾಮಾನು ಜೋಡಿಸಿದ ನೆನಪಿನ ಮೇಜು ಇಡುವುದುಂಟು. ಅದಕ್ಕೆಂದು ಮಾರ್ದೆಲ್ ನಿನ್ನೆಯೇ ಚೀಟಿ ಬರೆದಿದ್ದಳು. ಓರಿನ್‌ನ ಟೋಪಿ. ಓರಿನ್‌ನ ಬೌಲಿಂಗ್ ಬಹುಮಾನ. ಓರಿನ್‌ನ ಮೊದಲ ಸ್ಕ್ರೂಡ್ರೈವರ್.

"ಬೇಡ ಕಣೇ. ಸತ್ತೋನ ಮರ್ಯಾದೆ ತೆಗೀಬೇಡ."

"ಬದುಕಿರೋನ ಮರ್ಯಾದೆ ಹೋದಾಗ ನೀನೂ ಇದೇ ಕುರ್ಚೀಲಿ ಕೂತು ಕಾಫಿ ಕುಡೀತಿದ್ದೆ. ನಾನೂ ಕುಡೀತಿದ್ದೆ."

ಮಾರ್ದೆಲ್ ಬರೆಯಲಿಲ್ಲ. ವರ್ಲಿಸ್ ತಾನೇ ಸೊಟ್ಟ ಅಕ್ಷರದಲ್ಲಿ ಬರೆದಳು. ಏಪ್ರನ್ನು ಬಿಚ್ಚಿ, ಮೊಟ್ಟೆ ಬಟ್ಟಲಲ್ಲಿದ್ದ ಕಿವಿಯ ಮಿಷನ್ನನ್ನು ಪರ್ಸಿಗೆ ಹಾಕಿಕೊಂಡು, ಫ್ಯಾನನ್ನು ಕಂಕುಳಲ್ಲಿಟ್ಟುಕೊಂಡು ಹೊರಟಳು.

*

ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ ಕುದಿಯುತ್ತಿತ್ತು. ತೆರೆದ ಪೆಟ್ಟಿಗೆಯಲ್ಲಿ ಓರಿನ್ ನೀಲಿ ಟೈ ಕಟ್ಟಿಕೊಂಡು ಮಲಗಿದ್ದ. ಸಾಲಿನಲ್ಲಿ ಬಂದವರು ಅವನ ಮುಖ ನೋಡಿ, "ಎಂಥಾ ಕೈಗುಣ ಅವನದು," ಅನ್ನುತ್ತಾ ಮೇಜಿನ ಕಡೆ ಸರಿಯುತ್ತಿದ್ದರು. ಟೋಪಿ ನೋಡಿ ನಕ್ಕರು, ಫ್ಯಾನು ನೋಡಿ ಏನೂ ತೋಚದೆ ಮುಂದೆ ಹೋದರು.

ಸಾಲಿನ ಕೊನೆಗೆ ಲೈಲ್ ಬಂದ. ಬಸ್ಸು ಓಡಿಸುವಾಗ ಹಾಕುವ ಕೋಟಿನಲ್ಲೇ ಬಂದಿದ್ದ.

"ಬರ್ಬೇಕೋ ಬೇಡ್ವೋ ಗೊತ್ತಾಗ್ಲಿಲ್ಲ," ಅಂದ ಮೆಲ್ಲಗೆ.

"ನಿಮಗೋಸ್ಕರಾನೇ ಕಾಯ್ತಿದ್ದೆ ಲೈಲ್ ಅವ್ರೇ. ಆ ಚೀಟಿ ಓದಿ."

ಲೈಲ್ ಕನ್ನಡಕ ಏರಿಸಿದ. 'ಓರಿನ್‌ನ ಕೈಕೆಲಸ. ನಮ್ಮ ಮನೆಯ ಫ್ರೀಜರಿನದು.' ಕ್ಲಿಪ್ಪು ನೋಡಿದ, ತಂತಿಯ ಮೂರು ಸುತ್ತು ನೋಡಿದ. ಅವನ ಮುಖ ಮೊದಲು ಬಿಳಿಚಿತು, ಆಮೇಲೆ ಕೆಂಪಾಯಿತು. ಬೆರಳಿನಿಂದ ರೆಕ್ಕೆಯನ್ನು ತಳ್ಳಿದ.

ಟಕ ಟಕ ಟಕ.

ಕಾಫಿ ಲೋಟ ಹಿಡಿದ ಐವತ್ತು ಅರವತ್ತು ಜನ ಮೇಜಿನ ಕಡೆ ತಿರುಗಿದರು. ಆ ಸದ್ದು ಯಾವುದೆಂದು ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಮೊದಲು ತಲೆ ತಗ್ಗಿಸಿದವಳು ಮಾರ್ದೆಲ್.

ವರ್ಲಿಸ್ ಪರ್ಸು ತೆರೆದು ಕಿವಿಯ ಮಿಷನ್ನು ತೆಗೆದಳು. ಪೆಟ್ಟಿಗೆಯ ಮೇಲೆ ಬಗ್ಗಿ ಗಂಡನ ತಣ್ಣನೆಯ ಕಿವಿಗೆ ಅದನ್ನು ನೀಟಾಗಿ ಕೂಡಿಸಿ, ಗುಂಡಿ ಒತ್ತಿ ಚಾಲೂ ಮಾಡಿದಳು.

"ಲೈಲ್ ಅವ್ರೇ," ಅಂದಳು, "ಇನ್ನೊಂದ್ಸಲ ತಿರುಗಿಸಿ."