ಶಾಂತಮಲ್ಲಮ್ಮ ಕಲಿತ ಇಂಗ್ಲಿಷ್

ಗುಂಡ್ಲುಪೇಟೆಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾಗಿದ್ದ ಮಲ್ಲಿಕಾರ್ಜುನಸ್ವಾಮಿ ಮೇಷ್ಟ್ರಿಗೆ ತೊಂಬತ್ತಾರನೇ ಇಸವಿಯ ಆಷಾಢದಲ್ಲಿ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಮಾತೂ ನಿಂತಿತು. ಮೈಸೂರಿನ ಆಸ್ಪತ್ರೆಯಿಂದ ಮನೆಗೆ ಬಂದು ಕೆಲವು ವಾರಗಳಾದ ಮೇಲೆ ನಾಲಿಗೆ ಹೊರಳಿತು. ಆದರೆ ಹೊರಟದ್ದೆಲ್ಲ ಇಂಗ್ಲಿಷ್. ಕನ್ನಡ ಆಡಿದರೆ ತಿಳಿಯುತ್ತಿತ್ತು. ತಾವು ಆಡಲು ಮಾತ್ರ ಒಂದು ಪದವೂ ಸಿಗುತ್ತಿರಲಿಲ್ಲ. ಹೆಂಡತಿಯ ಹೆಸರು ಹಿಡಿದು ಕರೆಯಲು ಹೋಗಿ, ಆಗದೆ, ಮೇಷ್ಟ್ರು ಅತ್ತುಬಿಟ್ಟರು.

ಹೆಂಡತಿ ಶಾಂತಮಲ್ಲಮ್ಮನಿಗೆ ಇಂಗ್ಲಿಷ್ ಬಾರದು. ನೆರವಿಗೆ ಬಂದವಳು ಮಾಹಿರಾ, ಈರುಳ್ಳಿ ವ್ಯಾಪಾರಿ ಅಬ್ದುಲ್ ಜಬ್ಬಾರನ ಮಗಳು. ಪಿಯುಸಿಯಲ್ಲಿ ಇಂಗ್ಲಿಷ್ ಒಂದರಲ್ಲೇ ಫೇಲಾಗಿ ಮೇಷ್ಟ್ರ ಹತ್ತಿರ ಪಾಠಕ್ಕೆ ಬರುತ್ತಿದ್ದಳು. ಒಂದೇ ಅರ್ಥದ ನಾಲ್ಕಾರು ಪದಗಳನ್ನು ಒಟ್ಟಿಗೆ ಕಲಿಸುವುದು ಅವರ ಪದ್ಧತಿ. ಈಗಲೂ ಸಂಜೆ ಮಂಚದ ಪಕ್ಕ ಕೂತು ಮಾಹಿರಾ "ಬಿಗ್" ಎಂದರೆ ಅವರು ತಡವರಿಸುತ್ತ "ಲಾರ್ಜ್... ಹ್ಯೂಜ್" ಎನ್ನುವರು.

ಆಮೇಲೆ ಅಡುಗೆಮನೆಯಲ್ಲಿ ಶಾಂತಮಲ್ಲಮ್ಮನಿಗೆ ಪಾಠ. ವಾಟರ್, ಹಂಗ್ರಿ, ಪೇನ್, ಕೋಲ್ಡ್.

"ನೆನ್ನ ಪೇನ್ ಅಂದ್ರು, ಇವತ್ತು ಏಕ್ ಅಂತಾವ್ರ ಕಣವ್ವ. ಯಾವ್ದ ಕಲೀಲಿ ನಾನು?"

"ಎರಡೂ ನೋವೇ ಅಮ್ಮ. ಎರಡನ್ನೂ ಕಲ್ತ್ಕೊಳಿ."

ಶಾಂತಮಲ್ಲಮ್ಮ ಅಕ್ಕಿ ಆರಿಸುತ್ತ ಬಾಯಿಪಾಠ ಮಾಡಿದಳು. ಒಂದು ದಿನ ಮೇಷ್ಟ್ರು "ಟಯರ್ಡ್" ಎಂದಾಗ ಯಾರನ್ನೂ ಕೇಳದೆ ದಿಂಬು ಸರಿಮಾಡಿ ಮಲಗಿಸಿದಳು. ಅವರು ಅವಳ ಕೈಯನ್ನು ಬಹಳ ಹೊತ್ತು ಬಿಡಲಿಲ್ಲ.

ಅಕ್ಟೋಬರಿನಲ್ಲಿ ಮರುಪರೀಕ್ಷೆ. ಮಾಹಿರಾ ಹಿಂದಿನ ದಿನವೇ ಚಾಮರಾಜನಗರಕ್ಕೆ ಹೋದಳು. ಅವತ್ತೆಲ್ಲ ಜಡಿಮಳೆ. ಮರುದಿನ ಬೆಳಿಗ್ಗೆ ಎದ್ದಾಗ ಮೇಷ್ಟ್ರು ಎಡಗೈಯಿಂದ ತೆರೆದ ಕಿಟಕಿ ತೋರಿಸಿ "ಚಿಲ್ಲಿ, ಚಿಲ್ಲಿ" ಎಂದರು. ಶಾಂತಮಲ್ಲಮ್ಮನಿಗೆ ಹಿಗ್ಗಾಯಿತು. ಇದು ಯಾರೂ ಕಲಿಸದೆಯೇ ಗೊತ್ತಿದ್ದ ಪದ. ಕಿಟಕಿಯಾಚೆ ಇದ್ದ ಹೋಟೆಲಿನಲ್ಲಿ ದಿನವೂ ಮೆಣಸಿನಕಾಯಿ ಬಜ್ಜಿ ಕರಿಯುತ್ತಿದ್ದರು. ಸಪ್ಪೆ ಗಂಜಿ ಕುಡಿದು ಬಾಯಿ ಕೆಟ್ಟಿದೆಯೆಂದುಕೊಂಡು ತಾನೇ ಬಜ್ಜಿ ಕರಿದು ತಂದಳು. ಮೇಷ್ಟ್ರು ತಟ್ಟೆ ತಳ್ಳಿಬಿಟ್ಟರು.

"ನೀವೇ ಕೇಳ್ಬುಟ್ಟು ಈಗ ಬ್ಯಾಡ ಅಂದ್ರ ಹೆಂಗ?" ಎಂದು ಮುನಿಸಿಕೊಂಡು ಒಳಗೆ ಹೋದಳು.

ಇಳಿಹೊತ್ತಿನಲ್ಲಿ ಬಂದು ನೋಡಿದರೆ ಮೇಷ್ಟ್ರ ಮೈ ಗಡಗಡ ನಡುಗುತ್ತಿತ್ತು. ಮುಟ್ಟಿದರೆ ಸುಡುತ್ತಿತ್ತು.

ಅದೇ ಹೊತ್ತಿಗೆ ಬಸ್ಸಿಳಿದು ನೇರವಾಗಿ ಬಂದ ಮಾಹಿರಾ ಕಥೆ ಕೇಳಿ ಬಿಳಿಚಿಕೊಂಡಳು. "ಅಮ್ಮ, ಚಿಲ್ಲಿ ಅಂದ್ರೆ ಚಳೀನೂ ಹೌದು. ನಾನು ಕೋಲ್ಡ್ ಒಂದೇ ಹೇಳ್ಕೊಟ್ಟಿದ್ದೆ."

ಶಾಂತಮಲ್ಲಮ್ಮ ಕಿಟಕಿ ಮುಚ್ಚಿದಳು. ಇದ್ದಬದ್ದ ಕಂಬಳಿಯೆಲ್ಲ ತಂದು ಹೊದಿಸಿದಳು. ಜಬ್ಬಾರ್ ತನ್ನ ವ್ಯಾನಿನಲ್ಲೇ ಮೇಷ್ಟ್ರನ್ನು ಆಸ್ಪತ್ರೆಗೆ ಸಾಗಿಸಿದ. ಎದೆಯಲ್ಲಿ ಕಫ ಕಟ್ಟಿತ್ತು. ಅದೇ ವಾರ ಮೇಷ್ಟ್ರು ತೀರಿಕೊಂಡರು. ಬಂದವರೆಲ್ಲ ಲಕ್ವದಿಂದಲೇ ಹೋದರು ಎಂದರು. ಶಾಂತಮಲ್ಲಮ್ಮ ಮಾತ್ರ ಅಳಲಿಲ್ಲ.

ರಿಸಲ್ಟು ಬಂದ ದಿನ ಮಾಹಿರಾ ಬಾಗಿಲಲ್ಲೇ ನಿಂತಳು.

"ಪಾಸಾದ್ಯಾ?"

ಮಾಹಿರಾ ಹೌದೆಂದು ತಲೆಯಾಡಿಸಿದಳು. ಶಾಂತಮಲ್ಲಮ್ಮ ಅವಳ ಕೈ ಹಿಡಿದು ಮೇಷ್ಟ್ರ ಫೋಟೋದ ಮುಂದೆ ಕರೆದುಕೊಂಡು ಹೋದಳು. "ಅವ್ರ್ಗ ಯೋಳವ್ವ. ಇಂಗ್ಲಿಷಲ್ಲೇ ಯೋಳು, ನನ್ಗೂ ತಿಳೀತದ."

"ಸರ್, ಐ ಪಾಸ್ಡ್..." ಎಂದಳು ಮಾಹಿರಾ. ಶಾಂತಮಲ್ಲಮ್ಮ ಅವಳನ್ನು ತಬ್ಬಿಕೊಂಡು, ಗಂಡ ಸತ್ತ ಮೇಲೆ ಮೊದಲ ಸಲ, ಬೀದಿಗೆ ಕೇಳುವಂತೆ ಅತ್ತಳು.